ಡಾರ್ಲೀನಳ ಮಗನನ್ನು ಕಳಿಸುವ ಮೊದಲು

ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನಾನು ಬಂಗಾರೆವ್ವ. ಗದಗಿನ ಹೆಣ್ಣುಮಗಳು, ಕ್ಯಾಲಿಫೋರ್ನಿಯಾದ ಹೇವರ್ಡಿನ ನಿವಾಸಿ, ಮೆಟ್ರಿಕ್ ಪಾಸು. ನಿಮ್ಮ ಕ್ರೀಡಾಂಗಣದಲ್ಲಿ ಮಧ್ಯಾಹ್ನದ ಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುವ ಕಡೆ, ಒಂದೇ ಸಾಲಿನಲ್ಲಿ ಒತ್ತಿಗೆ ಒತ್ತಾಗಿರುವ ನಾಲ್ಕು ಸೀಜನ್ ಸೀಟುಗಳು ನನ್ನ ಹೆಸರಿನಲ್ಲಿವೆ. ನನ್ನ ಗಂಡನ ಹೆಸರಿನಲ್ಲಲ್ಲ, ಮಗಳ ಹೆಸರಿನಲ್ಲೂ ಅಲ್ಲ. ನೀವು ಈ ಕೆಲಸಕ್ಕೆ ಬರುವ ಮೊದಲಿನಿಂದ, ತಂಡ ಸೋತು ಸೋತು ಪಾರ್ಕಿಂಗ್ ಲಾಟಿನಲ್ಲಿ ಕಡಲಹಕ್ಕಿಗಳು ಮಾತ್ರ ಓಡಾಡುತ್ತಿದ್ದ ಕಾಲದಿಂದ ನಾನು ಅಲ್ಲಿ ಕೂತಿದ್ದೇನೆ. ಇಲ್ಲಿಯ ಕನ್ನಡದ ಮನೆಗಳಲ್ಲಿ ಅರ್ಧಕ್ಕರ್ಧ ಮಕ್ಕಳು ನನ್ನ ಮನೆಯ ಡೇಕೇರಿನಲ್ಲಿ ಉಂಡು ಬೆಳೆದವರು. ನಾನು ಒಂದು ಮಾತು ಹೇಳಿದರೆ ಈ ಊರಿನಲ್ಲಿ ಅದಕ್ಕೆ ಬೆಲೆ ಇದೆ.

ಇದಲ್ಲದೆ ನನಗೆ ಇನ್ನೊಂದು ಹಕ್ಕೂ ಇದೆ. ನೀವು ಬಿಟ್ಟುಕೊಡಲು ಹೊರಟಿರುವ ಲೈನ್‌ಬ್ಯಾಕರನ ತಾಯಿಗೆ ನಾನು ಉಡಿ ತುಂಬಿದ್ದೇನೆ. ಹಾಗೆಂದರೇನೆಂದು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ತಿಳಿದರೆ ಸಾಕು: ನಾನು ಅಭಿಮಾನಿ ಎಂದು ಬರೆಯುತ್ತಿಲ್ಲ, ಹುಡುಗನ ಕಡೆಯ ಹಿರಿಯಳು ಎಂದು ಬರೆಯುತ್ತಿದ್ದೇನೆ.

ಕಳೆದ ವಾರ ನೀವು ಮೈಕುಗಳ ಗೊಂಚಲಿನ ಮುಂದೆ ಕೂತು ಆಡಿದ ಮಾತನ್ನು ಕೇಳಿದೆ. ಮಾರ್ಚ್ ತಿಂಗಳಿಗೆ ಅವನ ಕರಾರು ಮುಗಿಯುತ್ತದೆ, ಮುಂದುವರಿಸುತ್ತೀರಾ ಎಂದು ಒಬ್ಬ ವರದಿಗಾರ್ತಿ ಕೇಳಿದಳು. ನೀವು ನಕ್ಕಿರಿ. "ಆ ಸ್ಥಾನಕ್ಕೆ ನಮ್ಮ ಮುಂದೆ ಎಲ್ಲ ಆಯ್ಕೆಗಳೂ ಇವೆ. ಮಾರುಕಟ್ಟೆಯಲ್ಲಿ ಒಳ್ಳೆಯ ಆಟಗಾರರಿದ್ದಾರೆ, ಡ್ರಾಫ್ಟಿನಲ್ಲಿ ಒಳ್ಳೆಯ ಹುಡುಗರಿದ್ದಾರೆ. ಅವನು ನಮ್ಮ ಅಮೂಲ್ಯ ಆಸ್ತಿ" ಎಂದಿರಿ. ಏಳು ವರ್ಷ ನಿಮ್ಮ ಅಂಗಳದ ನಡುವೆ ನಿಂತವನ ಹೆಸರು ಮಾತ್ರ ನಿಮ್ಮ ಬಾಯಲ್ಲಿ ಬರಲಿಲ್ಲ. ಸ್ಥಾನ ಬಂತು, ಆಸ್ತಿ ಬಂತು, ಮಾರುಕಟ್ಟೆ ಬಂತು. ಸರಿ. ನಾನೂ ಈ ಪತ್ರದಲ್ಲಿ ಅವನ ಹೆಸರು ಬರೆಯುವುದಿಲ್ಲ. ಡಾರ್ಲೀನಳ ಮಗ ಎಂದೇ ಬರೆಯುತ್ತೇನೆ. ಆಸ್ತಿಗೆ ತಾಯಿ ಇರುವುದಿಲ್ಲ, ಆಟಗಾರನಿಗೆ ಇರುತ್ತಾಳೆ ಎಂಬುದು ಓದುವಾಗಲೆಲ್ಲ ನಿಮಗೆ ನೆನಪಾಗಲಿ.

ಕನ್ನಡದಲ್ಲಿ ಏಕೆ ಬರೆಯುತ್ತಿದ್ದೀರಿ, ಅದೂ ಕನ್ನಡ ಕೂಟದ ಪತ್ರಿಕೆಯಲ್ಲಿ ಏಕೆ ಅಚ್ಚು ಹಾಕಿಸುತ್ತಿದ್ದೀರಿ ಎಂದು ನೀವು ಕೇಳಬಹುದು. ಮೊದಲು ಇಂಗ್ಲಿಷಿನಲ್ಲಿಯೇ ಬರೆಸಿದ್ದೆ. ನನ್ನ ಮಗಳು ಸ್ನೇಹಲ್ ಅದನ್ನು ನಿಮ್ಮ ವೆಬ್‌ಸೈಟಿನಲ್ಲಿ ತುಂಬಿ ಕಳಿಸಿದಳು. ಅವಳು ಕೈ ತೆಗೆಯುವ ಮೊದಲೇ ಉತ್ತರ ಬಂತು. ನನ್ನ ಉತ್ಸಾಹಕ್ಕೆ ನಿಮ್ಮ ಕಚೇರಿ ಕೃತಜ್ಞವಾಗಿದೆಯಂತೆ, ತಂಡದ ಟೋಪಿ ಕೊಂಡರೆ ನನಗೆ ರಿಯಾಯಿತಿ ಇದೆಯಂತೆ. ಸ್ವಾಮಿ, ನಾನು ನ್ಯಾಯ ಕೇಳಿದೆ, ನೀವು ಟೋಪಿ ಕೊಟ್ಟಿರಿ. ಆದ್ದರಿಂದ ಈ ಸಲ ನನ್ನ ಭಾಷೆಯಲ್ಲಿ, ನನ್ನ ಜನರನ್ನು ಸಾಕ್ಷಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ದೇಶದ ಮೂಲೆಮೂಲೆಯ ಕಾಲೇಜು ಹುಡುಗರು ಓಡುವುದನ್ನು ನೋಡಿ ಬರಲು ಆಳುಗಳನ್ನು ಇಟ್ಟಿರುವ ನಿಮಗೆ, ಕನ್ನಡ ಓದುವ ಒಬ್ಬರನ್ನು ಇದೇ ಬೇ ಏರಿಯಾದಲ್ಲಿ ಹುಡುಕುವುದು ಕಷ್ಟವಾಗಲಾರದು. ನಿಮ್ಮ ಕಂಪ್ಯೂಟರು ಕೆಟ್ಟರೆ ರಿಪೇರಿಗೆ ನೀವು ಕರೆಯುವುದೂ ನಮ್ಮವರನ್ನೇ.

ಇನ್ನು, ಈ ಆಟ ನೋಡದ ನನ್ನ ಓದುಗರಿಗೆ ಎರಡು ಮಾತು. ಎದುರಾಳಿಗಳು ಚೆಂಡು ಹಿಡಿದು ಒಳಗೆ ನುಗ್ಗಬೇಕು, ನಮ್ಮವರು ತಡೆಯಬೇಕು. ಮುಂದೆ ಗೋಡೆಯಂತೆ ನಿಲ್ಲುವ ದೊಡ್ಡ ಆಳುಗಳಿರುತ್ತಾರೆ. ಅವರ ಬೆನ್ನಿಗೆ, ನಡುವೆ ನಿಲ್ಲುವವನು ಲೈನ್‌ಬ್ಯಾಕರ್. ತರಬೇತುದಾರನ ಧ್ವನಿ ಅವನೊಬ್ಬನ ಹೆಲ್ಮೆಟ್ಟಿಗೆ ಬರುತ್ತದೆ. ಆದರೆ ಚೆಂಡು ಕದಲುವ ಮೊದಲೇ ಆ ಧ್ವನಿಯನ್ನು ಕತ್ತರಿಸುತ್ತಾರೆ, ಅದು ಆಟದ ನಿಯಮ. ಆಮೇಲೆ ಎದುರಾಳಿ ಜಾಗ ಬದಲಿಸಿದರೆ ಹೇಳುವವರು ಯಾರೂ ಇಲ್ಲ. ಅವನೇ ನೋಡಬೇಕು, ಅವನೇ ಕೂಗಬೇಕು, ಉಳಿದ ಹತ್ತು ಮಂದಿ ಆ ಕೂಗನ್ನು ನಂಬಿ ಕದಲಬೇಕು. ಧ್ವನಿ ನಿಂತ ಮೇಲೆ, ಚೆಂಡು ಕದಲುವ ಮೊದಲು ಒಂದು ಉಸಿರಿನಷ್ಟು ಹೊತ್ತು ಇರುತ್ತದೆ. ಮಾನ್ಯರೇ, ನೀವು ಲೈನ್‌ಬ್ಯಾಕರನನ್ನು ಕೊಳ್ಳುವುದು ಆ ಒಂದು ಉಸಿರಿಗೆ. ಅದನ್ನು ಯಾವ ಗಡಿಯಾರದಲ್ಲಿ ಅಳೆದು ಮಾರುಕಟ್ಟೆಯಲ್ಲಿ ಇಟ್ಟಿದ್ದಾರೆ, ನನಗೂ ತೋರಿಸಿ.

ಇದು ನನಗೆ ಹೇಗೆ ತಿಳಿಯಿತು ಎಂದು ಕೇಳಿದರೆ, ನಾನು ಶಾಲೆಯಲ್ಲಿ ಕಬಡ್ಡಿ ಆಡಿದವಳು. ನಮ್ಮ ತಂಡದ ಎಡ ಮೂಲೆಯಲ್ಲಿ ಕಮಲವ್ವ ಎಂಬ ಹುಡುಗಿ ನಿಲ್ಲುತ್ತಿದ್ದಳು. ಕುಳ್ಳಿ, ಓಟದಲ್ಲಿ ನನಗಿಂತ ಹಿಂದೆ. ನಾವು ಕೈ ಕೈ ಹಿಡಿದು ಸರಪಳಿ ಕಟ್ಟಿ ನಿಂತಾಗ ಅವಳು ಪಕ್ಕದವಳ ಅಂಗೈ ಒತ್ತುತ್ತಿದ್ದಳು. ಒಂದು ಸಲ ಒತ್ತಿದರೆ ತಡಿ, ಎರಡು ಸಲ ಒತ್ತಿದರೆ ಬೀಳು. ಆ ಒತ್ತು ಕೈಯಿಂದ ಕೈಗೆ ಹರಿದು ನಮ್ಮೆಲ್ಲರಿಗೂ ಮುಟ್ಟುತ್ತಿತ್ತು. ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೊರಡುವಾಗ ನಮ್ಮ ಪಿ.ಟಿ. ಮಾಸ್ತರರಿಗೂ ನಿಮ್ಮಂತೆಯೇ ಎಲ್ಲ ಆಯ್ಕೆಗಳು ಕಂಡವು. ಕಮಲವ್ವನನ್ನು ಹೊರಗೆ ಕೂಡಿಸಿ, ಧಾರವಾಡದಿಂದ ಹೊಸದಾಗಿ ಬಂದಿದ್ದ ಎತ್ತರದ ಹುಡುಗಿಯನ್ನು ಮೂಲೆಗೆ ನಿಲ್ಲಿಸಿದರು. ಪಾಪ, ಅವಳ ಕೈ ಬಲ ಕಬ್ಬಿಣದಂತಿತ್ತು. ಒತ್ತಿದಳು. ಅದು ತಡಿ ಎಂದೋ ಬೀಳು ಎಂದೋ ನಮಗೆ ತಿಳಿಯಲಿಲ್ಲ. ನಾನು ಬಿದ್ದೆ, ಉಳಿದವರು ನಿಂತರು. ಎದುರಿನವಳು ನನ್ನ ಬೆನ್ನು ದಾಟಿ ನಡೆದುಕೊಂಡು ಹೋದಳು. ಓಡಲೂ ಇಲ್ಲ, ನಡೆದಳು. ಆ ಹೆಜ್ಜೆಯ ಸಪ್ಪಳ ನನಗೆ ಇವತ್ತಿಗೂ ಕೇಳುತ್ತದೆ.

ಅದೇ ಸಪ್ಪಳವನ್ನು ಎರಡು ಸೀಜನ್ ಹಿಂದೆ ನಿಮ್ಮ ಕ್ರೀಡಾಂಗಣದಲ್ಲಿ ಕೇಳಿದೆ. ಡಾರ್ಲೀನಳ ಮಗನ ಪಾದ ಉಳುಕಿ ಅವನು ಹೊರಗೆ ಕೂತಿದ್ದ. ಅವನ ಜಾಗಕ್ಕೆ ನೀವು ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಲ್ಲಿ, ಆರಿಸಿ ತಂದ ಹುಡುಗನನ್ನು ನಿಲ್ಲಿಸಿದಿರಿ. ಜಿಂಕೆಯಂತೆ ಓಡುತ್ತಿದ್ದ, ಸುಳ್ಳು ಹೇಳಬಾರದು. ಅವನೂ ಕೂಗಿದ. ಆದರೆ ಮುಂದಿನ ಗೋಡೆಯ ದೊಡ್ಡ ಆಳು ಆ ಕೂಗನ್ನು ನಂಬದೆ ಹೊರಳಿ ನೋಡಿದ. ಈ ಆಟದಲ್ಲಿ ಹೊರಳಿ ನೋಡಿದವನು ಮುಗಿದ. ಎದುರಾಳಿಗಳು ನಡುವಿನಿಂದಲೇ ಹಾದುಹೋದರು, ಪಂದ್ಯದ ಮೇಲೆ ಪಂದ್ಯ. ಅಷ್ಟೂ ಹೊತ್ತು ಡಾರ್ಲೀನಳ ಮಗ ಊರುಗೋಲು ಹಿಡಿದು ಗೆರೆಯ ಹೊರಗೆ ನಿಂತೇ ಇದ್ದ. ಹುಡುಗ ಹೊರಗೆ ಬಂದಾಗಲೆಲ್ಲ ಊರುಗೋಲು ಬಿಟ್ಟು, ಎರಡೂ ಕೈಯಲ್ಲಿ ಅವನ ಹೆಲ್ಮೆಟ್ ಹಿಡಿದು, ಮುಖದ ಹತ್ತಿರ ಮುಖ ತಂದು ಏನೇನೋ ಹೇಳಿ ಕಳಿಸುತ್ತಿದ್ದ. ಸೀಜನ್ ಮುಗಿಯುವ ಹೊತ್ತಿಗೆ ಹುಡುಗನ ಕೂಗಿಗೆ ಜನ ಕದಲತೊಡಗಿದರು. ಆಗ ನೀವೇನು ಮಾಡಿದಿರಿ? ಮರು ವರ್ಷವೇ ಆ ಹುಡುಗನನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಬದಲಿಗೆ ಮುಂದಿನ ಡ್ರಾಫ್ಟಿನಲ್ಲಿ ಇನ್ನೊಬ್ಬನನ್ನು ಆರಿಸುವ ಸರದಿ ತಂದಿರಿ! ಕಲಿತವನನ್ನು ಕಳಿಸಿದಿರಿ, ಈಗ ಕಲಿಸಿದವನನ್ನೂ ಕಳಿಸುತ್ತೀರಿ. ಬರುವ ಮೂರನೆಯವನ ಹೆಲ್ಮೆಟ್ ಹಿಡಿದು ಮಾತಾಡುವವರು ಯಾರು? ಸೂಟು ಹಾಕಿಕೊಂಡು ನೀವು ಇಳಿಯುತ್ತೀರಾ?

ಈಗ ಉಡಿಯ ವಿಷಯ. ಡಾರ್ಲೀನಳ ಮಗ ತಂಡಕ್ಕೆ ಬಂದ ಮೊದಲ ವರ್ಷ, ಯಾರಿಗೂ ಅವನ ಪರಿಚಯವಿರಲಿಲ್ಲ. ಪಂದ್ಯದ ದಿನ ಪಾರ್ಕಿಂಗ್ ಲಾಟಿನಲ್ಲಿ ನಮ್ಮ ವ್ಯಾನಿನ ಹಿಂಬಾಗಿಲು ತೆಗೆದು ನಾನು ಗಿರ್ಮಿಟ್ ಕಲಸುತ್ತಿದ್ದೆ. ಸುತ್ತಲಿನವರು ಮಾಂಸ ಸುಡುತ್ತಾರೆ, ನಾವು ಚುರುಮುರಿಗೆ ಉಳ್ಳಾಗಡ್ಡಿ ಒಗ್ಗರಣೆ ಹಾಕುತ್ತೇವೆ. ಹಸಿರು ಜೆರ್ಸಿ ತೊಟ್ಟ ಒಬ್ಬ ಹೆಂಗಸು ದಾರಿ ತಪ್ಪಿದವಳಂತೆ ಎರಡು ಸಲ ಅತ್ತಿಂದಿತ್ತ ಹೋದಳು. ಕರೆದು ಒಂದು ಬಟ್ಟಲು ಕೊಟ್ಟೆ. ನಮ್ಮಿಬ್ಬರ ಇಂಗ್ಲಿಷು ಬೇರೆ ಬೇರೆ ಸೀಮೆಯದು, ಅವಳದು ಲೂಸಿಯಾನಾದ್ದು, ನನ್ನದು ಗದಗಿನದು. ಆದ್ದರಿಂದ ಅವಳ ಮಾತನ್ನು ನನ್ನ ಮಾತಿನಲ್ಲಿಯೇ ಬರೆಯುತ್ತೇನೆ.

"ಇದು ಯಾರ ನಂಬರಬೇ, ಜೆರ್ಸಿ ಮ್ಯಾಲಿನದು? ನಾ ಎಂದೂ ಕಂಡಿಲ್ಲ" ಎಂದೆ.

"ನನ್ನ ಮಗಂದು. ಇವತ್ತು ಆಡಸ್ತಾರೋ ಇಲ್ಲೋ ಗೊತ್ತಿಲ್ಲ. ನಾ ಅಂತೂ ಬಂದೀನಿ."

"ಆಡಸದಿದ್ರ ಏನ್ ಮಾಡ್ತೀ?"

"ಮುಂದಿನ ವಾರ ಮತ್ತ ಬರ್ತೀನಿ."

ಈ ಉತ್ತರ ನನಗೆ ಹಿಡಿಸಿತು. ಆ ಶುಕ್ರವಾರ ಅವಳನ್ನು ಮನೆಗೆ ಕರೆದೆ. ನಮ್ಮ ಕಡೆ ಮನೆಗೆ ಮೊದಲ ಸಲ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಬೇರು, ಎಲೆ ಅಡಿಕೆ, ಕುಪ್ಪಸಕ್ಕೆಂದು ಒಂದು ಖಣ ಹಾಕಿ ಕಳಿಸುತ್ತೇವೆ. ಅದೇ ಉಡಿ ತುಂಬುವುದು. ತುಂಬಿಸಿಕೊಂಡವಳು ಅಂದಿನಿಂದ ಆ ಮನೆಯ ಮಗಳು. ಡಾರ್ಲೀನಳಿಗೆ ಸೆರಗು ಎಲ್ಲಿಯದು? ಜೆರ್ಸಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಮಗನ ನಂಬರಿನ ಕೆಳಗೆ ನಾನು ಅಕ್ಕಿ ಸುರಿದೆ. ಗುಳೇದಗುಡ್ಡದ ಖಣ ಇಡುವಾಗ ಅವಳ ಗಂಡನ ಬಗ್ಗೆ ಕೇಳಿದೆ. ಮಗ ನಡೆಯಲು ಕಲಿಯುವ ಮೊದಲೇ ತೀರಿಕೊಂಡ ಎಂದಳು.

ನಮ್ಮಲ್ಲಿ ಗಂಡನಿಲ್ಲದವಳಿಗೆ ಉಡಿ ತುಂಬುವ ರೂಢಿಯಿಲ್ಲ. ಕೇಳದೆ ತುಂಬಲು ಹೊರಟಿದ್ದು ಅಮೆರಿಕದಲ್ಲಿರುವ ಗದಗಿನವಳು ಮಾತ್ರ ಮಾಡಬಹುದಾದ ತಪ್ಪು. ಅವತ್ತು ನನ್ನ ಮನೆಯಲ್ಲಿ ಇನ್ನೂ ನಾಲ್ಕು ಮಂದಿ ನಮ್ಮವರಿದ್ದರು. ಎಲ್ಲರ ಹುಬ್ಬು ಮೇಲೆ ಹೋದವು. ಡಾರ್ಲೀನಳಿಗೆ ಏನೂ ತಿಳಿಯಲಿಲ್ಲ, ಜೆರ್ಸಿ ಒಡ್ಡಿಕೊಂಡು ನಗುತ್ತ ಕೂತಿದ್ದಳು. ನಾನು ಏನು ಮಾಡಬೇಕಿತ್ತು? ಹಾಕಿದ ಅಕ್ಕಿಯನ್ನು ಬಾಚಿ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತೇ? ಒಂದು ಹಿಡಿ ಹೆಚ್ಚಿಗೇ ಹಾಕಿದೆ. "ತಾಯಿ ಅನ್ನೋದು ತಾನ ಒಂದು ಮುತ್ತೈದಿತನ, ಯಾರ್ಯಾರು ಹುಬ್ಬು ಏರಿಸೀರೋ ಇಳಿಸ್ರಿ" ಎಂದೆ. ಇಳಿಸಿದರು. ಅಂದಿನಿಂದ ಪ್ರತಿ ಸೀಜನ್ ಶುರುವಾಗುವ ಮೊದಲು ಅವಳು ಬರುತ್ತಾಳೆ, ಜೆರ್ಸಿ ಒಡ್ಡುತ್ತಾಳೆ. ಆ ಅಕ್ಕಿಯನ್ನು ಒಯ್ದು ಕೆಂಪು ಕಾಳು ಹಾಕಿ ತನ್ನ ಊರಿನ ಅಡುಗೆ ಮಾಡಿ ಮಗನಿಗೆ ಉಣಿಸುತ್ತಾಳೆ. ಅಂದರೆ ನಿಮ್ಮ ಲೈನ್‌ಬ್ಯಾಕರ್ ನನ್ನ ಮನೆಯ ಅಕ್ಕಿ ಉಂಡು ಆಡುತ್ತಾನೆ. ಇದು ನನ್ನ ಕರಾರು. ನನ್ನ ಕರಾರಿಗೆ ಮಾರ್ಚ್ ತಿಂಗಳಿಲ್ಲ.

ನೀವು ಅವನ ಪಾದದ ಮಾತು ಎತ್ತುತ್ತೀರೆಂದು ಬಲ್ಲೆ. ಉಳುಕಿದ್ದು ನಿಜ. ಅವನು ಮರಳಿ ಆಡುವ ದಿನ ಪಾರ್ಕಿಂಗ್ ಲಾಟಿನಲ್ಲಿ ಅವನ ಬದಲು ಡಾರ್ಲೀನಳನ್ನು ನಿಲ್ಲಿಸಿ, ಉಪ್ಪು ಮೆಣಸಿನಕಾಯಿಯಿಂದ ದೃಷ್ಟಿ ಇಳಿತೆಗೆದು ಕೆಂಡದ ಮೇಲೆ ಹಾಕಿದೆ. ಇಡೀ ಸಾಲಿಗೆ ಕೆಮ್ಮು ಹತ್ತಿತು. ನಿಮ್ಮ ಸೆಕ್ಯೂರಿಟಿಯವನು ಕಣ್ಣೊರೆಸಿಕೊಳ್ಳುತ್ತ ಓಡಿ ಬಂದು ಏನು ಸುಡುತ್ತಿದ್ದೀರಿ ಎಂದು ಕೇಳಿದ. ಸ್ನೇಹಲ್, "ಜಸ್ಟ್ ಬಾರ್ಬೆಕ್ಯೂ, ಸರ್" ಎಂದಳು. ಅವನು ನಮ್ಮ ಗಿರ್ಮಿಟ್ ಪಾತ್ರೆ ನೋಡಿದ, ಕೆಂಡ ನೋಡಿದ, ನನ್ನ ಮುಖ ನೋಡಿದ, ಹೊರಟುಹೋದ. ನಮ್ಮ ಲೆಕ್ಕ ಹೀಗಿದೆ: ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ. ಅವತ್ತು ಸೆಕ್ಯೂರಿಟಿಯವನೇ ಅತ್ತ. ಅಂದರೆ ಹುಡುಗನಿಗೆ ಯಾರ ಕಣ್ಣೂ ತಾಗಿರಲಿಲ್ಲ. ಹಾಗಾದರೆ ಪಾದ ಉಳುಕಿದ್ದು ಹೇಗೆ? ಲೆಕ್ಕಕ್ಕಿಲ್ಲದ ಅಭ್ಯಾಸ ಪಂದ್ಯದಲ್ಲಿ, ನೀರು ನಿಂತ ಹುಲ್ಲಿನ ಮೇಲೆ, ಟಿ.ವಿ.ಯವರು ಬಂದಿದ್ದಾರೆಂದು ಅವನನ್ನು ಇಳಿಸಿದವರು ಯಾರು? ಉತ್ತರ ನಿಮ್ಮ ಕಚೇರಿಯಲ್ಲಿಯೇ ಇದೆ. ಅಲ್ಲಿ ಮೆಣಸಿನಕಾಯಿ ಸುಡುವ ಅಗತ್ಯವಿಲ್ಲ.

ನಿಮ್ಮ ಪರವಾಗಿ ವಾದಿಸುವವರೂ ನನ್ನ ಮನೆಯಲ್ಲಿಯೇ ಇದ್ದಾರೆ. ನನ್ನ ಅಳಿಯ ರಘೋತ್ತಮ, ಸರಟೋಗಾದಲ್ಲಿ ಮನೆ, ದೊಡ್ಡ ಇಂಜಿನಿಯರು, ಮೈಸೂರಿನ ಕಡೆಯವರು. ಒಳ್ಳೆಯ ಮನುಷ್ಯ. ಹೋದ ಭಾನುವಾರ ಊಟಕ್ಕೆ ಕೂತಾಗ ಲ್ಯಾಪ್‌ಟಾಪನ್ನು ರೊಟ್ಟಿ ಬುಟ್ಟಿಯ ಪಕ್ಕ ಇಟ್ಟು ನನಗೆ ಬುದ್ಧಿ ಹೇಳಿದರು.

"ಅತ್ತೆ, ಇಮೋಷನ್ನು ಬೇರೆ, ರೋಸ್ಟರು ಬೇರೆ. ಇಷ್ಟು ವಯಸ್ಸಾದ ಮೇಲೆ ಲೈನ್‌ಬ್ಯಾಕರ್‌ಗಳು ಸ್ಲೋ ಆಗ್ತಾರೆ, ನೋಡಿ ಗ್ರಾಫು. ತಂಡ ಇಷ್ಟೇ ಖರ್ಚು ಮಾಡ್ಬೇಕು ಅಂತ ಲೀಗಿನ ಕ್ಯಾಪ್ ಇದೆ. ಅವನೊಬ್ಬನ್ನ ಬಿಟ್ರೆ ಇಬ್ಬರು ಫ್ರೀ ಏಜೆಂಟ್ಸ್ ಬರ್ತಾರೆ, ಜೊತೆಗೆ ಡ್ರಾಫ್ಟಲ್ಲಿ ಒಬ್ಬ ಯಂಗ್ ಹುಡುಗ."

"ನಿಮಗೀಗ ಎಷ್ಟು ವರ್ಷರೀ?"

"ನಲವತ್ತನಾಲ್ಕು. ಯಾಕತ್ತೆ?"

"ನಿಮ್ಮ ಗ್ರಾಫಿನ ಪ್ರಕಾರ ನಿಮ್ಮನ್ನ ನಾವು ಇಟ್ಕೋಬೇಕೋ, ಬಿಡಬೇಕೋ?"

ಸ್ನೇಹಲ್ ಬಾಯಿಗೆ ಕೈ ಹಿಡಿದಳು. "ಅಮ್ಮಾ, ಪ್ಲೀಸ್. ಅಲ್ಲಿಗೆ ಹೋಗ್ಬೇಡ."

"ನಾ ಎಲ್ಲೂ ಹೊಂಟಿಲ್ಲ. ಅವರ ಹೊಂಟಾರು, ಇಬ್ಬರನ್ನ ತರಾಕ."

ನನ್ನ ಗಂಡ ವೀರಣ್ಣ ಗೋದಾಮಿನಲ್ಲಿ ಆಯುಷ್ಯ ಕಳೆದವರು. ಈ ಆಟವನ್ನು ಅಲ್ಲಿಯ ಜೊತೆಗಾರರಿಂದ ಕಲಿತು ನನಗೆ ಕಲಿಸಿದವರು ಅವರೇ. ಅವರು ತಲೆ ಎತ್ತದೆ, "ರೊಟ್ಟಿ ಆರಾಕತ್ತಾವು. ಅಳಿಯಾರ, ಮೊದಲು ಉಣ್ರಿ, ಆಮ್ಯಾಲೆ ಸೋಲ್ರಿ" ಎಂದರು.

ಆದರೆ ವಾದಕ್ಕೆ ವಾದ. ನಗಿಸಿ ತಪ್ಪಿಸಿಕೊಳ್ಳುವವಳು ನಾನಲ್ಲ. ಡಾರ್ಲೀನಳ ಮಗ ಮುಂದಿನ ವರ್ಷ ಒಂದು ಹೆಜ್ಜೆ ನಿಧಾನವಾಗಬಹುದು. ಕಡೆಯ ಪಂದ್ಯದಲ್ಲಿ ಅವನ ಕೈಯಿಂದ ಒಬ್ಬ ತಪ್ಪಿಸಿಕೊಂಡ, ಅದರಿಂದಲೇ ಸೋತೆವು. ನಾನೇ ಕಣ್ಣಾರೆ ಕಂಡೆ. ಪಂದ್ಯದ ಮೇಲೆ ಅವನು ಮೈಕಿನ ಮುಂದೆ ನಿಂತು "ಅದು ನನ್ನ ತಪ್ಪು, ಬೇರೆ ಯಾರದ್ದೂ ಅಲ್ಲ" ಎಂದ. ನಿಮ್ಮ ಮಾರುಕಟ್ಟೆಯ ಇಬ್ಬರು ಫ್ರೀ ಏಜೆಂಟರು, ಅಂದರೆ ಕರಾರು ಮುಗಿದು ಯಾರು ಕರೆದರೂ ಹೋಗುವವರು, ಹಿಂದಿನ ತಂಡಗಳಲ್ಲಿ ಎಷ್ಟು ಸಲ ಆ ಮಾತು ಆಡಿದ್ದಾರೆ? ವಿಚಾರಿಸಿದ್ದೀರಾ? ಅವರು ಬಂದು ನಮ್ಮವರ ಹತ್ತು ಹೆಸರು ಕಲಿಯುವಷ್ಟರಲ್ಲಿ ಅರ್ಧ ಸೀಜನ್ ಹೋಗಿರುತ್ತದೆ. ಡ್ರಾಫ್ಟಿನ ಹುಡುಗನಂತೂ ಇನ್ನೂ ಕಾಲೇಜಿನ ಬಿಸಿ ಆರದವನು. ಅವನನ್ನು ತರಬೇಡಿ ಎಂದು ನಾನು ಹೇಳುತ್ತಿಲ್ಲ. ತನ್ನಿ. ಆದರೆ ಯಾರ ಪಕ್ಕದಲ್ಲಿ ನಿಲ್ಲಿಸುತ್ತೀರಿ ಎಂದು ಕೇಳುತ್ತಿದ್ದೇನೆ. ಡೇಕೇರಿಗೆ ಹೊಸ ಮಗು ಬಂದಾಗ ನಾನು ಅದನ್ನು ಗೊಂಬೆಗಳ ನಡುವೆ ಬಿಡುತ್ತಿರಲಿಲ್ಲ, ಹಳೆಯ ಮಗುವಿನ ಪಕ್ಕದಲ್ಲಿ ಕೂಡಿಸುತ್ತಿದ್ದೆ. ಅಳು ಬೇಗ ನಿಲ್ಲುತ್ತಿತ್ತು. ಇಷ್ಟು ತಿಳಿಯಲು ಗ್ರಾಫು ಬೇಕಿಲ್ಲ.

ನಿಮ್ಮ ಲೆಕ್ಕದಲ್ಲಿ ಬಾರದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಡಾರ್ಲೀನ್ ಈಗ ಗಿಲ್‌ರಾಯ್‌ನಲ್ಲಿದ್ದಾಳೆ. ಮಗ ಕೊಂಡ ಸಣ್ಣ ಮನೆ, ಗಾಳಿ ಬೀಸಿದರೆ ಬೆಳ್ಳುಳ್ಳಿ ಹೊಲಗಳ ವಾಸನೆ. ಅಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳೆ. ಮಗ ದುಡಿಯುತ್ತಿದ್ದರೂ ಬಿಟ್ಟಿಲ್ಲ, ಅದಕ್ಕೇ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ. ಮೂರು ವರ್ಷದ ಹಿಂದೆ ನಾನು ಅವಳಿಗೆ ಒಂದು ಕರಿಬೇವಿನ ಸಸಿ ಕೊಟ್ಟೆ. ನಮ್ಮವರಲ್ಲಿ ಇದು ಮನೆಯಿಂದ ಮನೆಗೆ ಹೋಗುವ ಸಸಿ, ಸುಮ್ಮನೆ ಎಲ್ಲರಿಗೂ ಕೊಡುವುದಿಲ್ಲ. ಕಳೆದ ತಿಂಗಳು ಹೋದಾಗ ನೋಡಿದೆ, ಗಿಡ ಆಳೆತ್ತರಕ್ಕೆ ಬಂದಿದೆ, ಇನ್ನೂ ಕುಂಡದಲ್ಲಿಯೇ ಇದೆ. ಬೇರು ಕುಂಡದ ತಳ ಒಡೆದು ಹೊರಬಂದಿವೆ.

"ಯಾಕಬೇ ಡಾರ್ಲೀನ್, ಇಷ್ಟು ಅಂಗಳ ಇಟ್ಕೊಂಡು ಗಿಡದ ಕಾಲು ಯಾಕ ಕಟ್ಟೀದಿ?"

"ಮಾರ್ಚ್ ಮುಗೀಲಿ ಬಂಗಾ. ಪ್ರತಿ ಮಾರ್ಚಿಗೂ ಹಿಂಗ ಅನ್ಕೋತೀನಿ. ನೆಲಕ್ಕ ಹಚ್ಚಿ ಹೋಗೋ ಪಾಳಿ ಬಂದ್ರ? ಕುಂಡ ಆದ್ರ ಎತ್ತಿ ಕಾರಿನ್ಯಾಗ ಇಡಬಹುದು."

"ಮಗ ಹೋದ್ರ ನೀನೂ ಹೋಗೋದ?"

"ಈ ಮನಿ ಅವಂದು. ಅವನ ಪಂದ್ಯ ಇಲ್ಲಂದ ಮ್ಯಾಲೆ ನನಗ ಇಲ್ಲಿ ಯಾವ ಜಾಗ ಐತಿ, ಹೇಳು."

ಅವಳು ಅಳಲಿಲ್ಲ. ಅಳುವವಳಲ್ಲ. ಕುಂಡವನ್ನು ಬಿಸಿಲಿನ ಕಡೆಗೆ ತಿರುಗಿಸಿ, ಚಹಾ ಇಡಲು ಒಳಗೆ ಹೋದಳು. ನಾನು ಅಲ್ಲಿಯೇ ನಿಂತೆ. ನಲವತ್ತು ವರ್ಷದ ಹಿಂದೆ ಈ ದೇಶಕ್ಕೆ ಬಂದಾಗ ನಾನೂ ಪಾತ್ರೆಗಳನ್ನು ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡು ವರ್ಷಗಟ್ಟಲೆ ಅಡುಗೆ ಮಾಡಿದವಳು. ಬೇಕಾದ ಸೌಟು ತೆಗೆದು, ತೊಳೆದು, ಮತ್ತೆ ಪೆಟ್ಟಿಗೆಗೆ. ಇಲ್ಲಿ ಇರುತ್ತೇವೋ ಇಲ್ಲವೋ ಎಂದು ಬೇರೆ ಯಾರೋ ಒಂದು ಆಫೀಸಿನಲ್ಲಿ ಕೂತು ಯೋಚಿಸುತ್ತಿದ್ದರು. ಹಾಗೆ ಯೋಚಿಸುವವರ ಮೇಲೆ ನನಗೆ ಅಂದಿನಿಂದಲೂ ಸಿಟ್ಟಿದೆ, ಬಚ್ಚಿಡುವುದಿಲ್ಲ. ನೀವು "ಎಲ್ಲ ಆಯ್ಕೆಗಳೂ ಇವೆ" ಎಂದು ನಕ್ಕಾಗ ನನಗೆ ನಿಮ್ಮ ಹಲ್ಲು ಕಾಣಲಿಲ್ಲ, ಕುಂಡದ ತಳದಿಂದ ಹೊರಬಂದ ಆ ಬೇರು ಕಂಡವು.

ನೀವು ಕರುಣೆ ತೋರಿಸಬೇಕಿಲ್ಲ. ಡಾರ್ಲೀನಳ ಮಗನಿಗೆ ಕರುಣೆ ತೋರಿಸಲು ಬಂದವರನ್ನು ಅವನು ಹಿಡಿದು ನೆಲಕ್ಕೆ ಕೆಡವುತ್ತಾನೆ. ನಾನು ಕೇಳುವುದು ಇದು: ಮಾರುಕಟ್ಟೆಯ ಬಾಗಿಲು ತೆರೆಯುವ ಮೊದಲು ಅವನನ್ನು ಕರೆದು ಕೂಡಿಸಿ ಎರಡು ವರ್ಷಕ್ಕೆ ಸಹಿ ಮಾಡಿಸಿ. ಡ್ರಾಫ್ಟಿನಲ್ಲಿ ಒಬ್ಬ ಹುಡುಗನನ್ನು ತಂದು ಅವನ ಪಕ್ಕದಲ್ಲಿ ನಿಲ್ಲಿಸಿ. ಎರಡು ವರ್ಷದ ಮೇಲೆ ಅವನೇ ಹುಡುಗನ ಹೆಲ್ಮೆಟ್ ಹಿಡಿದು "ಇನ್ನು ನೀನು" ಎಂದು ಹೇಳಿ ಹೊರಗೆ ಬರುತ್ತಾನೆ. ಅಂಥವನು ಹೋಗುವುದನ್ನು ತಾನೇ ಹೇಳಬೇಕು, ಅದನ್ನು ಅವನು ಟಿ.ವಿ.ಯಲ್ಲಿ ನೋಡಿ ತಿಳಿಯಬಾರದು. ಮತ್ತು ಮುಂದಿನ ಸಲ ಮೈಕಿನ ಮುಂದೆ ಕೂತಾಗ ಅವನ ಹೆಸರು ಹೇಳಿ. ಹೆಸರು ಹೇಳಲು ಯಾವ ಕ್ಯಾಪೂ ಅಡ್ಡಬರುವುದಿಲ್ಲ.

ನೀವು ಇದನ್ನು ಮಾಡಬಹುದು, ಮಾಡದೆಯೂ ಇರಬಹುದು. ಸೀಟು ಹಿಂದಿರುಗಿಸುತ್ತೇನೆ ಎಂದು ನಾನು ಬೆದರಿಸುವೆನೆಂದು ಕಾಯುತ್ತಿದ್ದರೆ ನಿಮಗೆ ನಿರಾಸೆಯಾಗುತ್ತದೆ. ಜಾಗ ಬಿಟ್ಟು ಓಡುವುದು ನನಗೆ ಗೊತ್ತಿಲ್ಲ. ನಾಲ್ಕೂ ಸೀಟುಗಳನ್ನು ಮುಂದಿನ ಸೀಜನ್ನಿಗೆ ನವೀಕರಿಸಿದ್ದೇನೆ. ಒಂದೇ ಒಂದು ಬದಲಾವಣೆ ಮಾಡಿದ್ದೇನೆ.

ನಾಲ್ಕು ದಿನದ ಹಿಂದೆ ರಘೋತ್ತಮ ಅವರನ್ನು ಕರೆದು ಚಹಾ ಕೊಟ್ಟು ಹೇಳಿದೆ. "ಅಳಿಯಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಸೀಟು ಈ ವರ್ಷ ನಾ ಮುಂದುವರಸಂಗಿಲ್ಲ. ನಿಮಗ ಎಲ್ಲ ಆಯ್ಕೆನೂ ಅದಾವು."

"ಅತ್ತೆ, ನನ್ನ ರಿಲೀಸ್ ಮಾಡ್ತಿದ್ದೀರಾ?"

"ನಿಮ್ಮ ಗ್ರಾಫ್ ನೋಡೇ ನಿರ್ಧಾರ ಮಾಡೀನ್ರಿ."

ಮಾನ್ಯರೇ, ನಮ್ಮ ಉತ್ತರ ಕರ್ನಾಟಕದಲ್ಲಿ ಅಳಿಯ ಕೂತ ಜಾಗದಿಂದ ಏಳು ಎಂದು ಅತ್ತೆಯಾದವಳು ಹೇಳುವುದಿಲ್ಲ. ತಲೆತಲಾಂತರದಿಂದ ಯಾರೂ ಹೇಳಿಲ್ಲ. ಸ್ನೇಹಲ್ ಎರಡು ದಿನ ಫೋನ್ ಎತ್ತಲಿಲ್ಲ. ಗದಗಿನಿಂದ ನನ್ನ ತಂಗಿ ಕರೆಮಾಡಿ "ಅಕ್ಕಾ, ನಿನ್ನ ತಲಿ ನೆಟ್ಟಗದ ಇಲ್ಲೋ?" ಎಂದು ಕೇಳಿದಳು. ರಘೋತ್ತಮ ಮಾತ್ರ ಕಪ್ಪು ಕೆಳಗಿಟ್ಟು, "ಅವರಿಗೇ ಕೊಡಿ ಅತ್ತೆ, ನಾನು ಟಿ.ವಿ.ಲಿ ನೋಡ್ತೀನಿ" ಎಂದರು. ಒಳ್ಳೆಯ ಮನುಷ್ಯ ಎಂದು ಮೊದಲೇ ಬರೆದಿದ್ದೇನೆ.

ಆ ಸೀಟು ಈಗ ಡಾರ್ಲೀನಳ ಹೆಸರಿಗೆ ಆಗಿದೆ. ಮಗ ಎಲ್ಲಿಯೇ ಆಡಲಿ, ಅವಳು ಇದೇ ಸೀಟಿನಲ್ಲಿ ಕೂಡುತ್ತಾಳೆ. ಸೀಜನ್ನಿನ ಮೊದಲ ಪಂದ್ಯದ ದಿನ ನೀವು ಮೇಲಿನ ಗಾಜಿನ ಕೋಣೆಯಿಂದ ಕೆಳಗೆ ನೋಡಿದರೆ ಬಿಸಿಲಿನ ಕಡೆಯ ಸಾಲಿನಲ್ಲಿ ಅವನ ಹಳೆಯ ನಂಬರಿನ ಜೆರ್ಸಿ ತೊಟ್ಟ ಅವನ ತಾಯಿ ಕಾಣುತ್ತಾಳೆ, ಪಕ್ಕದಲ್ಲಿ ನಾನು. ನಾವು ಕೂಗುವುದಿಲ್ಲ. ನಡುವೆ ಯಾರನ್ನು ನಿಲ್ಲಿಸಿದ್ದೀರೋ ನೋಡುತ್ತ ಕೂತಿರುತ್ತೇವೆ. ನಿನ್ನೆ ಅವಳು ನನಗೊಂದು ಫೋಟೋ ಕಳಿಸಿದ್ದಾಳೆ. ಗಿಲ್‌ರಾಯ್‌ನ ಅಂಗಳ, ಒಡೆದ ಕುಂಡದ ಚೂರುಗಳು, ಪಕ್ಕದಲ್ಲಿ ನೆಲಕ್ಕೆ ಹಚ್ಚಿದ ಕರಿಬೇವು.

ಇಂತಿ,
ನಿಮ್ಮ ರಿಯಾಯಿತಿ ಟೋಪಿ ಬೇಡವೆಂದವಳು, ಅಳಿಯನನ್ನು ಎಬ್ಬಿಸಿ ಮಗಳನ್ನು ಎರಡು ದಿನ ಕಳೆದುಕೊಂಡವಳು,
ಬಂಗಾರೆವ್ವ
ಹೇವರ್ಡ್